ಬಿದಿರಿನ ಬಣ್ಣ

ಮೀನನ್ನು ಜನ್ಮದಲ್ಲಿ ಬಾಯಿಗಿಟ್ಟವರಲ್ಲ, ಮೀನಿನಂಗಡಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುವವರು. ಆದರೂ ಪೀಣ್ಯದಿಂದ ಮಾರತ್ತಹಳ್ಳಿಯವರೆಗೆ ಯಾರ ಗಾಳದ ಕೋಲು ಮುರಿದರೂ ಕೊನೆಗೆ ಬಂದು ಸೇರುತ್ತಿದ್ದದ್ದು ಬಾಗಲಗುಂಟೆಯ ಶ್ಯಾಮಸುಂದರರಾಯರ ವರಾಂಡಕ್ಕೆ. ನಗುವವರು ನಗಲಿ. ನಗುವವರಲ್ಲಿ ಅವರ ಹೆಂಡತಿ ವತ್ಸಲಾ ಅವರೇ ಮೊದಲಿಗರು. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎಂದು ಗಂಡನ ಎದುರಿಗೇ ಹೇಳುತ್ತಿದ್ದರು. ರಾಯರು ಕೋಲಿಗೆ ದಾರ ಸುತ್ತುವುದನ್ನು ನಿಲ್ಲಿಸುತ್ತಿರಲಿಲ್ಲ.

ಸುಮ್ಮನೆ ಬಂದ ಕೈಯಲ್ಲ ಅದು. ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ಅಳೆದ ಕೈ. ಕಾರ್ಖಾನೆ ಮುಚ್ಚಿ, ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ಮೊದಲ ಎರಡು ತಿಂಗಳಲ್ಲಿ ರಾಯರು ಮನೆಯ ಚಾಕು, ಕತ್ತರಿ, ಈಳಿಗೆಮಣೆಗಳನ್ನೆಲ್ಲ ಮಸೆದು ಮುಗಿಸಿ, ಪಕ್ಕದ ಮನೆಯವರದ್ದಕ್ಕೂ ಕೈಯಿಟ್ಟಿದ್ದರು. ಇನ್ನೇನು ಈ ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ ಅನ್ನುವಾಗ ಹನುಮಯ್ಯ ಬಂದ.

ಹನುಮಯ್ಯ ಅದೇ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದವನು, ನೆಲಗದರನಹಳ್ಳಿ ಕಡೆಯ ಹಳೇ ಊರಿನವನು. ಅವನ ಅಪ್ಪ, ತಾತ ಎಲ್ಲರೂ ಕಗ್ಗಲಿಕೆರೆಯಲ್ಲಿ ಗಾಳ ಹಾಕಿದವರೇ. ಸುತ್ತ ಶೆಡ್ಡುಗಳೆದ್ದು, ಕೆರೆ ಅರ್ಧವಾಗಿ, ಏರಿಯ ಮೇಲೆ ಕರೆಂಟಿನ ಗೋಪುರಗಳು ಬಂದು ನಿಂತರೂ ಇವನು ಮಾತ್ರ ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆಯೇ ಕೂರುತ್ತಿದ್ದ. ಅವತ್ತು ಅವನು ತಂದದ್ದು ಬಿರುಕು ಬಿಟ್ಟ ಬಿದಿರಿನ ಕೋಲು. "ಸ್ವಾಮಿ, ಇದಕ್ಕೊಂದು ಕಟ್ಟು ಆಕ್ಕೊಡಿ. ನಿಮ್ ಕೈಯಷ್ಟು ಬಿಗಿ ಯಾರ್ದೂ ಇಲ್ಲ" ಎಂದ. ಹಾಕಿಕೊಟ್ಟರು. ಆ ಕಟ್ಟು ಏಳು ವರ್ಷ ಬಾಳಿತು.

ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ವತ್ಸಲಾ ಒಂದು ಶರತ್ತು ಹಾಕಿದರು: ಯಾವ ಕೋಲೂ ತೊಳೆಯದೆ ಹೊಸಿಲ ಹತ್ತಿರ ಬರಕೂಡದು. ಗೇಟಿನ ಪಕ್ಕದ ನಲ್ಲಿಯಲ್ಲಿ ಸೀಗೇಪುಡಿ ಹಾಕಿ ಉಜ್ಜಿ, ನೆರಳಲ್ಲಿ ಆರಿದ ಮೇಲೆಯೇ ವರಾಂಡ. ಮಡಿಗಾಗಿ ಮಾಡಿದ ಈ ಕಟ್ಟಳೆಯೇ ಕೋಲುಗಳಿಗೆ ದೊಡ್ಡ ಉಪಚಾರವಾಯಿತು ಎಂಬುದನ್ನು ರಾಯರು ಹೆಂಡತಿಗೆ ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಒಂದು ಮಾತು ಕೇಳಬೇಕಾಗುತ್ತಿತ್ತು. ಕೋಲು ಹಾಳಾಗುವುದು ಮೀನಿನಿಂದಲ್ಲ, ಒರೆಸದೆ ಚೀಲಕ್ಕೆ ತುರುಕುವುದರಿಂದ.

ಕೋಲುಗಳ ಸ್ವಭಾವವನ್ನು ಅವರು ಟೂಲ್ ರೂಮಿನವರ ಹಾಗೆ ಒಂದೊಂದಾಗಿ ಕಲಿತರು. ಬಿದಿರನ್ನು ಗೋಡೆಗೆ ಒರಗಿಸಿದರೆ ಬೆನ್ನು ಬಾಗುತ್ತದೆ, ತೂಗುಹಾಕಬೇಕು. ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಸವರಬೇಕು. ಫೈಬರ್ ಗ್ಲಾಸ್ ಭಾರ, ಮೊಂಡ, ಸ್ಕೂಟರಿನ ಕೆಳಗೆ ಬಿದ್ದರೂ ಬದುಕುತ್ತದೆ. ದೊಡ್ಡ ಕಾಟ್ಲಾ ಮೀನು ಎಳೆಯಲು ಅದೇ ಸೈ. ಕಾರ್ಬನ್ ಕೋಲು ಕಪ್ಪಗೆ, ಹಗುರ, ನಾಜೂಕು. ಎಲ್ಲೋ ಸಣ್ಣಗೆ ತರಚಿದ್ದು ಆರು ತಿಂಗಳ ಮೇಲೆ ಟಪ್ಪನೆ ಮುರಿಯುತ್ತದೆ. ದಾರ ಹಾಯುವ ರಿಂಗಿನೊಳಗೆ ಚೂರು ಹತ್ತಿ ಎಳೆದು ನೋಡಬೇಕು, ಹತ್ತಿ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಎಂದು ಅರ್ಥ. ಜೋಡಣೆಗಳಿಗೆ ಮೇಣದಬತ್ತಿ ಉಜ್ಜಬೇಕು. ಇಷ್ಟೆಲ್ಲ ತಿಳಿದಿದ್ದ ರಾಯರಿಗೆ ಒಂದು ಸಂಗತಿ ಮಾತ್ರ ತಿಳಿದಿರಲಿಲ್ಲ. ಈ ಕಥೆ ಅದರದ್ದು.

ಹೋದ ವರ್ಷ ಕಗ್ಗಲಿಕೆರೆಯ ಹೂಳೆತ್ತಿದರು. ಎತ್ತಿದ ಹೂಳನ್ನು ದೂರ ಸಾಗಿಸುವ ಬದಲು ಹನುಮಯ್ಯ ಕೂರುವ ಕಡೆಗೇ ಸುರಿದು ಹೋದರು. ಅವನ ಕಲ್ಲು ಮಣ್ಣಿನಡಿ ಹೂತುಹೋಯಿತು. ಅವನು ಹಟ ಬಿಡದೆ ಆ ದಿಬ್ಬದ ಮೇಲೆಯೇ ಇನ್ನೊಂದು ಕಲ್ಲು ಹಾಕಿಕೊಂಡು ಕೂತ. ಆದರೆ ನೀರು ಎಂಟು ಹತ್ತು ಅಡಿ ಹಿಂದೆ ಸರಿದಿತ್ತು, ಅವನ ಹನ್ನೆರಡಡಿಯ ಬಿದಿರು ಆಳಕ್ಕೆ ಎಟುಕುತ್ತಿರಲಿಲ್ಲ. ಇಪ್ಪತ್ತಡಿಯ ಬಿದಿರು ಹಿಡಿಯೋಣವೆಂದರೆ ಅವನ ಬಲಭುಜ ಕಾರ್ಖಾನೆಯಲ್ಲೇ ಸವೆದುಹೋಗಿತ್ತು. ಮೂರು ತಿಂಗಳು ಅವನು ಬರಿಗೈಯಲ್ಲಿ ಮನೆಗೆ ಹೋದ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದೇ ರಾಯರಿಗೆ ಸಂಕಟವಾಯಿತು.

ಅದೇ ಹೊತ್ತಿಗೆ ಬ್ರೂಕ್‌ಫೀಲ್ಡಿನ ಅಂಬರೀಶ್ ಎಂಬ ಸಾಫ್ಟ್‌ವೇರ್ ಗಿರಾಕಿ ತುದಿ ಮುರಿದ ಕಾರ್ಬನ್ ಕೋಲೊಂದನ್ನು "ನೀವೇ ಇಟ್ಕೊಳ್ಳಿ ಸಾರ್" ಎಂದು ಬಿಟ್ಟುಹೋಗಿದ್ದ. ನಾಲ್ಕು ತುಂಡು ಸೇರಿಸಿದರೆ ಇಪ್ಪತ್ತಡಿ, ತೂಕವೋ ಒಂದು ತೆಂಗಿನಕಾಯಿಯಷ್ಟೂ ಇಲ್ಲ. ಮುರಿದ ತುದಿಯ ನಾಲ್ಕಿಂಚು ಕತ್ತರಿಸಿ ಹೊಸ ಕುಣಿಕೆ ಕೂರಿಸಿದರೆ ಹನುಮಯ್ಯನಿಗೆ ಹೇಳಿ ಮಾಡಿಸಿದ್ದು. ಆದರೆ ಬಣ್ಣ ಕಪ್ಪು. ಹನುಮಯ್ಯನ ಮನೆತನದಲ್ಲಿ ಕರೀ ಕೋಲನ್ನು ಕೆರೆಗೆ ಒಯ್ಯುವುದಿಲ್ಲ. "ಕರೀ ಕೋಲು ಅಂದ್ರೆ ಸೌದೆ ಕೆದಕೋ ಕೋಲು ಸ್ವಾಮಿ, ಸುಡುಗಾಡಿಂದು. ಅದ್ನ ಗಂಗಮ್ಮನ ಮುಂದೆ ಇಡಿಯಕ್ಕಾಗಲ್ಲ" ಎಂದು ಅವನು ಹಿಂದೊಮ್ಮೆ ಹೇಳಿದ್ದು ರಾಯರಿಗೆ ನೆನಪಿತ್ತು.

ಅದಕ್ಕೇ ಬಣ್ಣ ಹಚ್ಚಿದರು. ಬರೀ ಬಣ್ಣವೆಂದರೆ ತಪ್ಪಾದೀತು. ಮೊದಲು ಕೋಲಿನ ಹಿಡಿಯ ಮೇಲಿದ್ದ ಅಂಟುಚೀಟಿಯನ್ನು ಥಿನ್ನರ್ ಹಾಕಿ ಕೆರೆದು ತೆಗೆದರು. ಕೆಲಸದ ಮೇಲೆ ಚೀಟಿ ಇರುವುದು ಟೂಲ್ ರೂಮಿನವರಿಗೆ ಆಗದು. ಚೀಟಿಯ ಮೇಲೆ ಯಾವುದೋ ದೇಶದ ಲಿಪಿ, ಜೊತೆಗೆ ಮಿಂಚಿನ ಹಾಗೆ ಸೊಟ್ಟಗಿನ ಒಂದು ಗೀಟು. ಕಂಪನಿಯ ಗುರುತಿರಬೇಕು ಅಂದುಕೊಂಡರು. ಆಮೇಲೆ ಕೋಲನ್ನು ನುಣ್ಣಗೆ ಉಜ್ಜಿ, ಗೇಣಿಗೊಂದು ಕಡೆ ದಾರ ಸುತ್ತಿ ಗೆಣ್ಣು ಮಾಡಿ, ಮೂರು ಕೈ ಹಳದಿ, ಅದರ ಮೇಲೆ ತೆಳ್ಳಗೆ ಕಂದು. ಮುಟ್ಟಿ ನೋಡಿದರೂ ಬಿದಿರೇ. ಹದಿನೆಂಟು ದಿನ ಹಿಡಿಯಿತು. ಜೀವಮಾನದಲ್ಲಿ ಇಷ್ಟು ಚೆಂದದ ಕೆಲಸ ತಾನು ಮಾಡಿಲ್ಲ ಎಂದು ಅವರಿಗೆ ಅನ್ನಿಸಿತು.

ಸೋಮವಾರ ಸಂಜೆ ಹನುಮಯ್ಯ ಬಂದು ಕೋಲನ್ನು ಕೈಯಲ್ಲಿ ತೂಗಿ ನೋಡಿದ. "ಇದ್ಯಾವ ಬಿದ್ರು ಸ್ವಾಮಿ, ಒಳ್ಳೆ ಬೆಂಡು ಇದ್ದಂಗದೆ?"

"ಅಸ್ಸಾಂದು ಕಣೋ. ಚೆನ್ನಾಗಿ ಒಣಗಿಸಿರ್ತಾರೆ" ಎಂದರು ರಾಯರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವರಿಗೇ ಆಶ್ಚರ್ಯವಾಯಿತು. ಹನುಮಯ್ಯ ಕೋಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಏಳೂಕಾಲಿಗೆ ವತ್ಸಲಾ ಅವರ ಮಿಕ್ಸಿ ಕೆಟ್ಟಿತು. ದೋಸೆಗೆ ಚಟ್ನಿಯಾಗಬೇಕು. ರಾಯರು ವೈರಿನ ಒಳಗೆ ಎಲ್ಲಿ ತುಂಡಾಗಿದೆ ಎಂದು ನೋಡಲು ತಮ್ಮ ಟೆಸ್ಟ್ ಲ್ಯಾಂಪ್ ತೆಗೆದರು. ಎರಡು ಬ್ಯಾಟರಿ ಸೆಲ್ಲು, ಒಂದು ಟಾರ್ಚಿನ ಬಲ್ಬು, ಎರಡು ತಂತಿ. ತಂತಿಯ ತುದಿಗಳ ನಡುವೆ ಕರೆಂಟು ಹರಿಯುವ ವಸ್ತು ಇದ್ದರೆ ಬಲ್ಬು ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ಮೇಜಿನ ಮೇಲಿಟ್ಟು ಕನ್ನಡಕ ಹುಡುಕಲು ತಿರುಗಿದರು. ಮತ್ತೆ ನೋಡಿದಾಗ ಬಲ್ಬು ಹೊತ್ತಿತ್ತು.

ಮಿಕ್ಸಿಯ ವೈರು ಇನ್ನೂ ಅವರ ಕೈಯಲ್ಲೇ ಇತ್ತು. ಬಲ್ಬು ಮಂಕಾಗಿ, ಆದರೆ ಸ್ಪಷ್ಟವಾಗಿ ಉರಿಯುತ್ತಿತ್ತು. ಎರಡು ತಂತಿಗಳೂ ಬಿದ್ದಿದ್ದದ್ದು ಅಂಬರೀಶನ ಕೋಲಿನಿಂದ ಕತ್ತರಿಸಿ ತೆಗೆದಿದ್ದ ನಾಲ್ಕಿಂಚಿನ ಕರೀ ತುಂಡಿನ ಎರಡು ತುದಿಗಳ ಮೇಲೆ. ರಾಯರು ಒಂದು ತಂತಿ ಎತ್ತಿದರು, ಬಲ್ಬು ಆರಿತು. ಇಟ್ಟರು, ಹೊತ್ತಿತು.

ಚೀಟಿಯ ಮೇಲಿನ ಸೊಟ್ಟ ಗೀಟು ಕಣ್ಣ ಮುಂದೆ ಬಂತು. ಅದು ಕಂಪನಿಯ ಗುರುತಲ್ಲ. ಕರೆಂಟಿನ ತಂತಿಯ ಹತ್ತಿರ ಒಯ್ಯಬೇಡಿ ಎಂದು ಹೇಳುವ ಗುರುತು. ಅದನ್ನು ತಾವೇ ಕೆರೆದು, ಕಸದ ಬುಟ್ಟಿಗೆ ಹಾಕಿ, ಮೇಲೆ ಬಿದಿರಿನ ಬಣ್ಣ ಬಳಿದು ಕೊಟ್ಟಿದ್ದರು. ಹನುಮಯ್ಯ ಕೂರುವ ದಿಬ್ಬದ ನೆತ್ತಿಯ ಮೇಲೆ ಹೈಟೆನ್ಷನ್ ತಂತಿಗಳು ಹಾದುಹೋಗಿವೆ. ಹೂಳು ಸುರಿದ ಮೇಲೆ ಆ ನೆಲ ತಂತಿಗೆ ಐದಾರಡಿ ಹತ್ತಿರವಾಗಿದೆ.

"ಏನೂಂದ್ರೆ, ಮಿಕ್ಸಿ ಆಯ್ತಾ?" ಎಂದು ಒಳಗಿನಿಂದ ವತ್ಸಲಾ ಕೇಳಿದರು. ರಾಯರು ಹನುಮಯ್ಯನಿಗೆ ಫೋನ್ ಹಚ್ಚಿದ್ದರು. ಎತ್ತಿಕೊಂಡವಳು ಅವನ ಮಗಳು ವೇಣಿ, ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿರುವವಳು. ಹಿಂದೆ ಬಸ್ಸಿನ ಗದ್ದಲ.

"ಸಾರ್, ನನ್ ಫೋನ್ ಕೆಟ್ಟೋಗದೆ ಅಂತ ಅಪ್ಪಂದು ತಂದಿವ್ನಿ. ಅಪ್ಪ ಕೆರೆತಾವ ಓಗವ್ರೆ. ಇವತ್ತು ಮಂಗಳವಾರ ಅಲ್ವಾ, ಒಸ ಕೋಲು ಎತ್ತತಾರೆ. ಅರಿಸಿನ ಕುಂಕುಮ ಎಲ್ಲ ತಕೊಂಡು ಓದ್ರು. ಸೈರನ್ ಊದ್ದಾಗ ಎತ್ತೋದು."

ರಾಯರಿಗೆ ಆ ಪದ್ಧತಿ ಗೊತ್ತಿತ್ತು. ಹೊಸ ಕೋಲನ್ನು ನೀರಿಗೆ ಬಿಡುವ ಮೊದಲು ಎರಡೂ ಕೈಯಲ್ಲಿ ಹಿಡಿದು, ಆಕಾಶಕ್ಕೆ ನೆಟ್ಟಗೆ, ಮೂರು ಸಲ ಎತ್ತಿ ಗಂಗಮ್ಮನಿಗೆ ತೋರಿಸಬೇಕು. ಹಿಂದೆ ಸೂರ್ಯ ಏರಿಯ ಮರ ದಾಟಿದಾಗ ಎತ್ತುತ್ತಿದ್ದರಂತೆ. ಈಗ ಸೂರ್ಯ ಶೆಡ್ಡುಗಳ ಹಿಂದೆ ಎಲ್ಲಿ ಹುಟ್ಟುತ್ತಾನೋ ಕಾಣುವುದಿಲ್ಲ. ಅದಕ್ಕೇ ಕೆರೆಯ ಪಕ್ಕದ ಹಳೇ ಫೌಂಡ್ರಿಯಲ್ಲಿ ಎಂಟು ಗಂಟೆಯ ಪಾಳಿಗೆ ಊದುವ ಸೈರನ್ನೇ ಮುಹೂರ್ತ. ಗೋಡೆಯ ಗಡಿಯಾರದಲ್ಲಿ ಏಳು ಇಪ್ಪತ್ತೈದಾಗಿತ್ತು.

"ಅಲ್ಲಿ ಬೇರೆ ಯಾರಾದ್ರೂ ಇದ್ದಾರೇನಮ್ಮ?" ಎಂದು ಕೇಳಿದರು.

"ಯಾರೂ ಇರಲ್ಲ ಸಾರ್. ಯಾಕೆ ಸಾರ್?"

ಮಗಳಿಗೆ ಏನೆಂದು ಹೇಳುವುದು? ಫೋನ್ ಇಟ್ಟು, ವಿದ್ಯುತ್ತಿನವರ ಸಹಾಯವಾಣಿಗೆ ಮಾಡಿದರು. ಕನ್ನಡಕ್ಕಾಗಿ ಒಂದನ್ನು ಒತ್ತಿ ಅಂದಿತು, ಒತ್ತಿದರು, ಸಂಗೀತ ಕೇಳಿಸಿತು. ಅದನ್ನು ಕೇಳುತ್ತಲೇ ಚಪ್ಪಲಿ ಮೆಟ್ಟಿ ಬನಿಯನ್ನಿನಲ್ಲೇ ಬೀದಿಗೆ ಬಂದರು. ಅರವತ್ತನಾಲ್ಕು ವರ್ಷದಲ್ಲಿ ಅವರು ಅಂಗಿಯಿಲ್ಲದೆ ಗೇಟು ದಾಟಿದ್ದು ಅದೇ ಮೊದಲು.

ಸಿಕ್ಕಿದ ಆಟೋದ ಚಾಲಕ ಯಮನಪ್ಪ ಎಂಬ ಬಾಗಲಕೋಟೆಯವನು. "ಯಾಕ್ರೀ ಸರ, ದವಾಖಾನಿಗೇನ್ರೀ?" ಎಂದ ಅವರ ಮುಖ ನೋಡಿ.

"ಕಗ್ಗಲಿಕೆರೆ. ಎಂಟರೊಳಗೆ ಹೋಗ್ಬೇಕು. ಒಂದು ಜೀವದ ಮಾತು."

ಯಮನಪ್ಪ ಮತ್ತೇನೂ ಕೇಳಲಿಲ್ಲ, ಒಳ್ಳೆಯವನು. ಆದರೆ ಎಂಟನೇ ಮೈಲಿಯ ಸಿಗ್ನಲ್ಲಿಗೆ ಒಳ್ಳೆಯತನ ಗೊತ್ತಿಲ್ಲ. ಕಂಟೇನರ್ ಲಾರಿಗಳು ಮೂರು ಸಾಲಾಗಿ ನಿಂತಿದ್ದವು. ಏಳು ಮೂವತ್ತೆಂಟು. ರಾಯರು ವಿಷ್ಣುಸಹಸ್ರನಾಮ ಶುರುಮಾಡಿದರು, ನಾಲ್ಕನೇ ಶ್ಲೋಕದಲ್ಲಿ ತಪ್ಪಿತು, ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ತಪ್ಪಿತು. ಚಿಕ್ಕಂದಿನಿಂದ ಬಾಯಿಪಾಠವಾದದ್ದು. ತಲೆಯೊಳಗೆ ಬೇರೊಂದು ಲೆಕ್ಕ ನಡೆದಿತ್ತು: ದಿಬ್ಬದಿಂದ ತಂತಿಗೆ ಇಪ್ಪತ್ತೈದು ಅಡಿ, ಕೋಲು ಇಪ್ಪತ್ತಡಿ, ಹನುಮಯ್ಯ ಕೈಯೆತ್ತಿದರೆ ಏಳಡಿ. ಎಷ್ಟು ಸಲ ಕೂಡಿದರೂ ಇಪ್ಪತ್ತೇಳೇ. ಅಷ್ಟು ದೊಡ್ಡ ತಂತಿಗೆ ತಾಕಲೂ ಬೇಕಿಲ್ಲ, ಹತ್ತಿರ ಹೋದರೆ ಸಾಕು, ಕರೆಂಟೇ ನೆಗೆದು ಬರುತ್ತದೆ. ಕಾರ್ಖಾನೆಯಲ್ಲಿ ಒಬ್ಬ ಕ್ರೇನ್ ಆಪರೇಟರನ ಸುಟ್ಟ ಕೈಯನ್ನು ಅವರು ನೋಡಿದ್ದರು. ಇಪ್ಪತ್ತು ವರ್ಷವಾದರೂ ಅದನ್ನು ಮರೆತಿರಲಿಲ್ಲ.

ಕೆರೆಯ ಏರಿಗೆ ಆಟೋ ಹತ್ತದು. ಏಳು ಐವತ್ತೆರಡಕ್ಕೆ ಇಳಿದು ಓಡಿದರು, ದುಡ್ಡು ಕೊಟ್ಟರೋ ಇಲ್ಲವೋ ಅವರಿಗೆ ತಿಳಿಯದು. ಏರಿಯ ಮೇಲೆ ಬಂದಾಗ ಹನುಮಯ್ಯ ಕಾಣಿಸಿದ, ಇನ್ನೂರು ಗಜ ದೂರದಲ್ಲಿ, ತಂತಿಗಳ ನೇರ ಕೆಳಗೆ, ಬೆನ್ನು ಮಾಡಿ ಕೂತಿದ್ದ. ಎರಡು ಕವೆಗೋಲಿನ ಮೇಲೆ ಹೊಸ ಕೋಲು ಅಡ್ಡ ಮಲಗಿತ್ತು. ಬೆಳಗಿನ ಬೆಳಕಿಗೆ ಅದು ಎಷ್ಟು ಸೊಗಸಾಗಿ ಬಿದಿರಾಗಿತ್ತೆಂದರೆ ರಾಯರಿಗೆ ತಮ್ಮ ಕೈಯ ಮೇಲೆಯೇ ಅಸಹ್ಯವಾಯಿತು.

ಕೂಗಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಕಗ್ಗಲಿಕೆರೆಯಲ್ಲಿ ಯಾರೂ ಕೂಗಿಗೆ ಕೂಗಿನಿಂದ ಉತ್ತರ ಕೊಡುವುದಿಲ್ಲ. ಸುತ್ತ ಪ್ರೆಸ್ಸುಗಳ, ಸುತ್ತಿಗೆಗಳ ಸದ್ದು. ಕೂಗು ಕಿವಿಗೆ ಬಿದ್ದರೂ ಏನೆಂದದ್ದು ತಿಳಿಯದು. ಅದಕ್ಕೇ ಅಲ್ಲಿ ಗಾಳ ಹಾಕುವವರು ಯಾರಾದರೂ ಕರೆದರೆ ಕೋಲನ್ನು ನೆಟ್ಟಗೆ ಮೇಲೆತ್ತಿ ತೋರಿಸುತ್ತಾರೆ, ಇಲ್ಲಿದ್ದೀನಿ ಬನ್ನಿ ಎಂದು ಅರ್ಥ. ರಾಯರು ಎಷ್ಟು ಸಲ ಏರಿಯ ಮೇಲಿಂದ "ಹನುಮಯ್ಯಾ" ಎಂದಿದ್ದರೋ ಅಷ್ಟು ಸಲವೂ ಅವನು ಹಾಗೆಯೇ ಎತ್ತಿದ್ದ. ಈಗ ಕೂಗಿದರೆ ಇವರ ದನಿಯೇ ಅವನನ್ನು ಕೊಲ್ಲುತ್ತದೆ. ಅವನು ತಿರುಗಿ ಇವರನ್ನು ಕಂಡರೂ ಅಷ್ಟೇ, ಕೋಲೆತ್ತುತ್ತಾನೆ.

ಚಪ್ಪಲಿ ಕಳಚಿದರು. ಏರಿಯಿಂದ ಇಳಿದು, ಲಂಟಾನದ ಪೊದೆಗಳ ಮರೆಯಲ್ಲಿ, ಕಳ್ಳನ ಹಾಗೆ ಬಗ್ಗಿ ನಡೆದರು. ಮುಳ್ಳು, ಗಾಜಿನ ಚೂರು, ಹೂಳಿನ ಕೆಸರು ಯಾವುದೂ ಕಾಲಿಗೆ ಗೊತ್ತಾಗಲಿಲ್ಲ. ಹತ್ತಿರವಾದಂತೆ ತಂತಿಯ ಸದ್ದು ಕೇಳಿಸತೊಡಗಿತು, ಜೇನುಗೂಡಿನೊಳಗಿನ ಗುಂಯ್ ಎನ್ನುವ ಸದ್ದು. ಅದು ಬೆನ್ನೆಲುಬಿನೊಳಗೇ ಕೇಳಿದಂತಾಗುತ್ತಿತ್ತು. ತಿರುಗಬೇಡ ಮಾರಾಯ, ತಿರುಗಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ನೂರು ಹೆಜ್ಜೆ. ಐವತ್ತು. ಹನುಮಯ್ಯ ಕುಂಕುಮದ ಪೊಟ್ಟಣ ಬಿಚ್ಚುತ್ತಿದ್ದ. ಮೂವತ್ತು.

ಇಪ್ಪತ್ತು ಹೆಜ್ಜೆ ಉಳಿದಿರುವಾಗ ಸೈರನ್ ಊದಿತು.

ಹನುಮಯ್ಯ ಎದ್ದು ಕೈಮುಗಿದ. ಬಗ್ಗಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದ. ಅದರ ತುದಿ ನೀರಿನ ಮೇಲಿಂದ ಮೆಲ್ಲಗೆ ಏಳತೊಡಗಿತು. ರಾಯರು ಈಗ ಕೂಗಿದರು, ಗಂಟಲು ಹರಿಯುವಂತೆ ಕೂಗಿದರು, ಅವರ ಕೂಗು ಸೈರನ್ನಿನಲ್ಲಿ ಅವರಿಗೇ ಕೇಳಿಸಲಿಲ್ಲ. ಆಗ, ಓಡಬೇಕಾದ ಆ ಹೊತ್ತಿನಲ್ಲಿ, ಅವರ ಕಾಲುಗಳು ನಿಂತುಬಿಟ್ಟವು. ಕರೆಂಟು ಹಿಡಿದವನನ್ನು ಮುಟ್ಟಬೇಡ, ಒಣಗಿದ ಕೋಲಿನಿಂದ ತಳ್ಳು ಎಂದು ಕಾರ್ಖಾನೆಯ ಸುರಕ್ಷತಾ ಸಪ್ತಾಹದಲ್ಲಿ ವರ್ಷ ವರ್ಷವೂ ಹೇಳಿಕೊಟ್ಟಿದ್ದರು. ಅವರ ಕಣ್ಣು ನೆಲದ ಮೇಲೆ ಒಣಕೋಲು ಹುಡುಕಿತು. ಒಂದು ಉಸಿರಿನಷ್ಟು ಹೊತ್ತು. ಭಯವೆಂದರೆ ಅದು, ಅವನಿಗಾಗಿ ಪಟ್ಟ ಭಯವಲ್ಲ, ತಮ್ಮ ಜೀವದ ಭಯ. ತುದಿ ಆಗಲೇ ಎರಡಾಳೆತ್ತರ ಏರಿತ್ತು.

ಆಮೇಲೆ ಓಡಿದರು. ಹಿಂದಿನಿಂದ ಅವನ ಲುಂಗಿ, ಸೊಂಟದ ಪಟ್ಟಿ ಎಲ್ಲ ಸೇರಿಸಿ ಹಿಡಿದು ಎಳೆದರು. ಇಬ್ಬರೂ ಹೂಳಿನ ಮೇಲೆ ಅಂಗಾತ ಬಿದ್ದರು. ಕೋಲು ಪಕ್ಕಕ್ಕೆ ಒರಗಿ, ಜೊಂಡಿನ ಮೇಲೆ ಸರ್ರನೆ ಮಲಗಿತು. ಮೇಲೆ ತಂತಿಗಳು ತಮ್ಮಷ್ಟಕ್ಕೆ ಗುಂಯ್ಗುಡುತ್ತಿದ್ದವು. ಸೈರನ್ ಇನ್ನೂ ಅರ್ಧ ನಿಮಿಷ ಊದಿ ನಿಂತಿತು.

ಹನುಮಯ್ಯ ಎದ್ದು ಕೂತು, ಬನಿಯನ್ನಿನಲ್ಲಿ ಕೆಸರು ಮೆತ್ತಿಕೊಂಡಿದ್ದ ರಾಯರನ್ನು ನೋಡಿದ. "ಏನಾಯ್ತು ಸ್ವಾಮಿ? ಅಮ್ಮಾವ್ರು ಚೆನ್ನಾಗವ್ರಾ?" ಎಂದು ಕೇಳಿದ. ಬೀಳಿಸಿದ್ದಕ್ಕೆ ಬೈಯಲಿಲ್ಲ, ವತ್ಸಲಾ ಅವರಿಗೇ ಏನೋ ಆಗಿರಬೇಕೆಂದುಕೊಂಡಿದ್ದ. ಅದನ್ನು ಕೇಳಿ ರಾಯರಿಗೆ ಅಳು ಬಂತು. ಬೆರಳೆತ್ತಿ ತಂತಿ ತೋರಿಸಿದರು, ಆಮೇಲೆ ಕೋಲು ತೋರಿಸಿದರು.

"ಅದು ಬಿದಿರಲ್ಲ ಹನುಮಯ್ಯ. ಕಾರ್ಬನ್ನು. ಕರೀ ಕೋಲು. ಅದ್ರಲ್ಲಿ ಕರೆಂಟ್ ಹರಿಯತ್ತೆ. ನನಗೆ ಗೊತ್ತಿರ್ಲಿಲ್ಲ. ಬಣ್ಣ ನಾನೇ ಬಳಿದೆ."

ಹನುಮಯ್ಯ ತಲೆಯೆತ್ತಿ ತಂತಿಗಳನ್ನು ನೋಡಿದ. ಮೂವತ್ತು ವರ್ಷ ಅವುಗಳ ಕೆಳಗೆ ಕೂತಿದ್ದವನು ಅವತ್ತು ಮೊದಲ ಸಲ ನೋಡುವವನಂತೆ ನೋಡಿದ. ಅವನ ಹಳೆಯ ಬಿದಿರೂ ಅವುಗಳಿಗೆ ತಾಕಿದ್ದರೆ ಉಳಿಸುತ್ತಿರಲಿಲ್ಲವೇನೋ. ಆದರೆ ಹನ್ನೆರಡಡಿಯ ಬಿದಿರು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಉದ್ದವನ್ನೂ ಕೊಟ್ಟವರು ರಾಯರೇ, ಬಣ್ಣವನ್ನೂ ಕೊಟ್ಟವರು ರಾಯರೇ. ಹನುಮಯ್ಯ ಕಣ್ಣನ್ನು ತಂತಿಯಿಂದ ಕೋಲಿಗೆ ಇಳಿಸಿದ.

"ಬಿದ್ರು ಅಂದ್ರಲ್ಲ ಸ್ವಾಮಿ."

"ಹೂಂ ಕಣೋ. ಕರೀದು ಅಂದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಬೇಡ ಅಂದ್ರೆ ಏನ್ ಆಗ್ತಿತ್ತು? ಮೀನು ಸಿಗ್ತಿರ್ನಿಲ್ಲ, ಅಷ್ಟೇ ಅಲ್ವಾ." ಲುಂಗಿಯ ಕೆಸರು ಒರೆಸಿಕೊಂಡ. "ಪ್ಯಾಕ್ಟ್ರೀಲಿ ಕೂದ್ಲಷ್ಟು ಯತ್ವಾಸ ಆದ್ರೂ ಮಾಲು ವಾಪಸ್ ಕಳಿಸ್ತಿದ್ರಿ. ಒತ್ಕೊಂಡು ಓಗ್ತಿದ್ದೋನು ನಾನೇ. ಬೇಜಾರಾಗ್ತಿತ್ತು, ಆದ್ರೂ ಈ ಸ್ವಾಮಿ ಸುಳ್ಳು ಅಳತೆ ಬರೆಯಾಕಿಲ್ಲ ಅಂತ ಎಲ್ರಿಗೂ ಏಳ್ತಿದ್ದೆ."

ಬೈದಿದ್ದರೆ ರಾಯರಿಗೆ ಹಗುರವಾಗುತ್ತಿತ್ತು. ಒಳಗೆ ಇನ್ನೊಂದು ಮಾತು ಉಳಿದಿತ್ತು; ಅದನ್ನು ಹೇಳದೆ ಮನೆಗೆ ಹೋದರೆ ಅದು ಜೀವಮಾನವಿಡೀ ಕೊರೆಯುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಇನ್ನೊಂದಿದೆ ಹನುಮಯ್ಯ. ನೀನು ಎತ್ತುವಾಗ ನಾನು ಅಲ್ಲಿ, ಆ ಗಿಡದ ಹತ್ರ, ನಿಂತ್ಬಿಟ್ಟೆ. ಹೆದರಿಕೆ ಆಯ್ತು. ನಿನ್ನ ಮುಟ್ಟಿದ್ರೆ ನಾನೂ ಹೋಗ್ತೀನಿ ಅಂತ."

ಹನುಮಯ್ಯ ಆ ಗಿಡವನ್ನು ನೋಡಿದ, ಅಲ್ಲಿಂದ ತನ್ನವರೆಗಿನ ದೂರವನ್ನು ನೋಡಿದ. ಹೂಳಿನಲ್ಲಿ ರಾಯರ ಬರಿಗಾಲಿನ ಗುರುತು ಮೂಡಿತ್ತು. ಒಂದು ಕಡೆ ಎರಡು ಹೆಜ್ಜೆ ಜೊತೆಯಾಗಿ ಆಳಕ್ಕೆ ಇಳಿದಿದ್ದವು. ಅವುಗಳಲ್ಲಿ ರಕ್ತವೂ ಇತ್ತು.

"ಆಮೇಲೆ ಬಂದ್ರಲ್ಲ" ಎಂದ ಅವನು. ಕ್ಷಮಿಸಿದ ದನಿಯಲ್ಲ, ಲೆಕ್ಕ ಒಪ್ಪಿಸಿಕೊಂಡ ದನಿ. ಸೊಂಟದಿಂದ ಮೀನು ಸೀಳುವ ಚಾಕು ತೆಗೆದು ಮುಂದೆ ಹಿಡಿದ. "ಬಣ್ಣ ಕೆರೀರಿ."

ಇಬ್ಬರೂ ಕೋಲನ್ನು ತುಂಡು ತುಂಡಾಗಿ ಬಿಚ್ಚಿಕೊಂಡು, ತಂತಿಗಳಿಂದ ದೂರ, ಕೆರೆಯ ಆಚೆ ದಂಡೆಯ ಹೊಂಗೆಮರದ ಆಚೆಯ ಬಯಲಿಗೆ ನಡೆದರು. ಅಲ್ಲಿ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ರಾಯರು ಹದಿನೆಂಟು ದಿನದ ಕೆಲಸವನ್ನು ಕೆರೆಯಲು ಕೂತರು. ಚಾಕುವಿನ ಹಿಡಿಯಲ್ಲಿ ಮೀನಿನ ಜಿಡ್ಡು, ಹುರುಪೆ. ಕೈಗೆ ಅಂಟಿದ್ದು ಅವರ ಗಮನಕ್ಕೇ ಬರಲಿಲ್ಲ. ಹಳದಿ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು, ಸುತ್ತಿದ ಗೆಣ್ಣುಗಳು ಬಿಚ್ಚಿಕೊಂಡವು, ಕೆಳಗಿನಿಂದ ಕಪ್ಪು ಹೊರಬಿತ್ತು. ಹಿಡಿಯ ಹತ್ತಿರ, ಹಳೆಯ ಚೀಟಿ ಇದ್ದ ಜಾಗದಲ್ಲಿ, ಚಾಕುವಿನ ಮೊನೆಯಿಂದ ಮೆಲ್ಲಗೆ ಆ ಸೊಟ್ಟ ಗೀಟನ್ನು ಮತ್ತೆ ಕೊರೆದರು. ಹನುಮಯ್ಯ ಅದರೊಳಗೆ ಕುಂಕುಮ ತುಂಬಿದ. ಒಂದು ಗಂಟೆಗೂ ಹೆಚ್ಚು ಹಿಡಿಯಿತು.

ನಾಲ್ಕು ತುಂಡನ್ನೂ ಜೋಡಿಸಿದ ಮೇಲೆ ಹನುಮಯ್ಯ ಕೋಲನ್ನು ರಾಯರ ಕಡೆಗೆ ನೂಕಿದ. "ನೀವೇ ಎತ್ತಿ."

"ನಾನಾ? ನಿಮ್ಮ ಮನೆ ಪದ್ಧತಿ ಅಲ್ವೇನೋ. ಕರೀ ಕೋಲು ಬೇರೆ."

"ಇದು ಏನು ಅಂತ ಈಗ ಗಂಗಮ್ಮನಿಗೂ ಗೊತ್ತಾಯ್ತು, ನಂಗೂ ಗೊತ್ತಾಯ್ತು. ಎತ್ತಿ."

ರಾಯರು ಎದ್ದು ನಿಂತು ಹಿಡಿಯನ್ನು ಹಿಡಿದರು. ಮೇಲೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಮೇಲೆ ನೋಡಿದರು. ಹತ್ತಿರದಲ್ಲಿ ಎಲ್ಲೂ ಒಂದು ತಂತಿಯಿಲ್ಲ. ಆದರೂ ತೋಳು ಏಳಲಿಲ್ಲ. ಕೋಲಿನ ತುದಿ ನೆಲದ ಮೇಲೇ ಗೀಚುತ್ತಿತ್ತು.

"ನೀನು ದೂರ ನಿಲ್ಲು ಹನುಮಯ್ಯ" ಎಂದರು. "ದೂರ ಹೋಗು ಸ್ವಲ್ಪ."

ಹನುಮಯ್ಯ ಹೋಗಲಿಲ್ಲ. ಹತ್ತಿರ ಬಂದು, ರಾಯರ ಎರಡೂ ಕೈಗಳ ಮೇಲೆ ತನ್ನ ಎರಡೂ ಕೈಗಳನ್ನು ಇಟ್ಟು ಬಿಗಿಯಾಗಿ ಹಿಡಿದ. ಅವನ ಕೈಯೂ ನಡುಗುತ್ತಿತ್ತು.

"ಈಗ ಎತ್ತಿ ಸ್ವಾಮಿ" ಎಂದ.